ಶೋಧನೆಗೆ ಮುಂಚಿನ ಗಳಿಗೆ: ದಿನನಿತ್ಯದ ಎಚ್ಚರದ ಕುರಿತು ಒಂದು ಚರ್ಚೆ

ಬನ್ನಿಮಂಟಪವಾಸಿ, ಮೈಸೂರು

ಕ್ರಿಸ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಮನೆಕೂಟದಲ್ಲಿ ಕೆಲವು ವಾರಗಳಿಂದ ಶೋಧನೆಯ, ಅಂದರೆ ನಮ್ಮನ್ನು ಪಾಪಕ್ಕೆ ಎಳೆಯುವ ಸೆಳೆತದ, ವಿಷಯವನ್ನು ಓದುತ್ತಿದ್ದೇವೆ. ಅಲ್ಲಿ ಪೂರ್ತಿಯಾಗಿ ಹೇಳಲು ಸಮಯ ಸಿಗದ ಒಂದು ಮಾತನ್ನು ಇಲ್ಲಿ ವಿಸ್ತಾರವಾಗಿ ಬರೆದು, ನಿಮ್ಮ ಅನುಭವವನ್ನೂ ಆಕ್ಷೇಪಣೆಯನ್ನೂ ಕೇಳಬೇಕೆಂದಿದ್ದೇನೆ. ಶೋಧನೆ ಎದುರಿಗೆ ಬಂದು ನಿಂತಾಗ ನಾವು ಮಾಡುವ ತೀರ್ಮಾನ ಬಹುಮಟ್ಟಿಗೆ ಅದಕ್ಕೆ ಮುಂಚೆಯೇ, ಶೋಧನೆಯ ಸುಳಿವೂ ಇಲ್ಲದ ಸಾಮಾನ್ಯ ಹೊತ್ತಿನಲ್ಲಿ, ಆಗಿಹೋಗಿರುತ್ತದೆ ಎಂಬುದೇ ಆ ಮಾತು.

ಕರ್ತನಾದ ಯೇಸುವನ್ನು ಬಂಧಿಸಿದ ಗೆತ್ಸೇಮನೆ ತೋಟದ ರಾತ್ರಿಯನ್ನು ನೋಡಿರಿ. ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಕರ್ತನು ಹೇಳಿ ಹೋದನು. ಮೂರು ಸಾರಿ ಬಂದು ನೋಡಿದಾಗಲೂ ಶಿಷ್ಯರು ನಿದ್ದೆಯಲ್ಲಿದ್ದರು. ಅವರಲ್ಲಿ ಒಬ್ಬನಾದ ಪೇತ್ರನು ಹೇಡಿಯಾಗಿದ್ದನೆಂದು ಯಾರೂ ಹೇಳಲಾರರು. ಬಂಧಿಸಲು ಬಂದವರ ಎದುರು ಕತ್ತಿ ಹಿರಿದು ಮಹಾಯಾಜಕನ ಆಳಿನ ಕಿವಿ ಕತ್ತರಿಸಿದವನು ಅವನೇ. ಆ ಬಗೆಯ ಹೋರಾಟಕ್ಕೆ ಅವನು ಮಾನಸಿಕವಾಗಿ ಸಿದ್ಧನಾಗಿದ್ದನು. ಆದರೆ ಶೋಧನೆ ಬಂದದ್ದು ಆಯುಧ ಹಿಡಿದವರ ರೂಪದಲ್ಲಿ ಅಲ್ಲ. ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದಾಗ ಒಬ್ಬ ದಾಸಿ ಕೇಳಿದ ಒಂದು ಪ್ರಶ್ನೆಯ ರೂಪದಲ್ಲಿ. ಪ್ರಾಣ ಕೊಡಲು ಸಿದ್ಧನಿದ್ದವನು ಒಂದು ಮಾತಿಗೆ ಸಿದ್ಧನಿರಲಿಲ್ಲ. ಮೂರು ಸಾರಿ ನಿದ್ದೆ, ಅದರ ಬೆನ್ನಿಗೇ ಯೇಸುವನ್ನು ಅರಿಯೆನೆಂದು ಮೂರು ಸಾರಿ ನಿರಾಕರಣೆ. ಇವೆರಡರ ನಡುವೆ ಸಂಬಂಧವಿದೆ ಎಂದು ಮಾರ್ಕನ ಸುವಾರ್ತೆಯನ್ನು ಓದಿದಾಗಲೆಲ್ಲ ನನಗೆ ಅನಿಸುತ್ತದೆ, ಪೇತ್ರನ ಬಗ್ಗೆ ಮರುಕವೂ ಆಗುತ್ತದೆ.

ಅದೇ ಕರ್ತನು ಅರಣ್ಯದಲ್ಲಿ ಶೋಧನೆಯನ್ನು ಎದುರಿಸಿದ ಬಗೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ನಲವತ್ತು ದಿನಗಳ ಉಪವಾಸದಿಂದ ಹಸಿದಿದ್ದಾಗ, ಕೈಯಲ್ಲಿ ಯಾವ ಗ್ರಂಥವೂ ಇಲ್ಲದಿದ್ದಾಗ, ಆತನು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳವು. ಇಸ್ರಾಯೇಲ್ಯರ ಮನೆಗಳಲ್ಲಿ ಕೂತಾಗ, ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಬೇಕೆಂದು ಆಜ್ಞೆಯಾಗಿದ್ದ ಭಾಗ ಅದು. ಅಂದರೆ ಆ ಮಾತುಗಳು ಆತನು ಬೆಳೆದ ನಜರೇತಿನ ಮನೆಯಲ್ಲಿ, ಯಾವ ಪರೀಕ್ಷೆಯೂ ಇಲ್ಲದ ಎಷ್ಟೋ ಬೆಳಗುಗಳಲ್ಲಿ ಮನಸ್ಸಿನಲ್ಲಿ ಇಳಿದಿದ್ದವು. ಇಷ್ಟಾದ ಮೇಲೂ ಸೈತಾನನು ತಕ್ಕ ಕಾಲ ಬರುವ ತನಕ ಮಾತ್ರ ಆತನನ್ನು ಬಿಟ್ಟು ಹೋದನೆಂದು ಲೂಕನು ಬರೆಯುತ್ತಾನೆ. ಒಮ್ಮೆ ಗೆದ್ದರೆ ಮುಗಿಯಿತು ಎಂಬ ಭರವಸೆ ಕರ್ತನಿಗೇ ಇರಲಿಲ್ಲವೆಂದ ಮೇಲೆ ನಮಗೆ ಎಲ್ಲಿಂದ ಬರಬೇಕು?

ಇಸ್ರಾಯೇಲ್ಯರಿಗೆ ದೇವರು ಅರಣ್ಯದಲ್ಲಿ ದಿನದಿನಕ್ಕೆ ಆಹಾರವಾಗಿ ಸುರಿಸಿದ ಮನ್ನವನ್ನು ಮರುದಿನಕ್ಕೆ ಎತ್ತಿಟ್ಟಾಗ ಅದು ಹುಳಬಿದ್ದು ನಾರಿತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗಾಗಿ ಇಟ್ಟದ್ದು ಮಾತ್ರ ಕೆಡಲಿಲ್ಲ. ಕಳೆದ ವರ್ಷದ ಉಜ್ಜೀವನ ಕೂಟದಲ್ಲಿ ಉಂಟಾದ ಉತ್ಸಾಹವನ್ನು ನೆಚ್ಚಿಕೊಂಡು ಇಂದಿನ ಮಂಗಳವಾರವನ್ನು ದಾಟಲು ಹೊರಡುವವರನ್ನು ನೋಡಿದಾಗ ನನಗೆ ವಿಮೋಚನಕಾಂಡದ ಈ 16ನೆಯ ಅಧ್ಯಾಯ ನೆನಪಿಗೆ ಬರುತ್ತದೆ.

ನಿಮ್ಮ ದಿನದಲ್ಲಿ ಶೋಧನೆ ಬಲಗೊಳ್ಳುವ ಹೊತ್ತು ಯಾವುದು, ಆ ಹೊತ್ತಿಗೆ ಮುಂಚೆ ನೀವು ಏನು ಮಾಡುತ್ತೀರಿ ಎಂದು ತಿಳಿಸಿರಿ. ದೊಡ್ಡ ಸಾಕ್ಷಿ ಬೇಕಾಗಿಲ್ಲ. ಸಾಮಾನ್ಯ ದಿನದ ವಿಷಯವೇ ಬೇಕಾಗಿದೆ.

ದೀಪಧಾರಿಣಿ, ಮೈಸೂರು

ಅಣ್ಣ, ನಮಸ್ಕಾರ. ನಾನು ಕಥೋಲಿಕ ಸಭೆಯವಳು, ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹತ್ತಿರದಲ್ಲಿದ್ದೇನೆ, ವೃತ್ತಿಯಿಂದ ದಾದಿ. ನೀವು ಕೇಳಿದ ಹೊತ್ತನ್ನು ನಾನು ತಡವರಿಸದೆ ಹೇಳಬಲ್ಲೆ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ವಾರ್ಡಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಪ್ರತಿ ಹಾಸಿಗೆಯ ಬಳಿ ಹೋಗಿ ಜ್ವರ, ನಾಡಿ, ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯಬೇಕು. ಹಿಂದಿನ ಮೂರು ಸಾರಿ ಒಂದೇ ರೀತಿ ಇದ್ದ ರೋಗಿಯ ಅಂಕಿಯನ್ನು, ಅವರನ್ನು ಎಬ್ಬಿಸದೆ, ಹಾಗೆಯೇ ಇಳಿಸಿಬಿಡೋಣ ಎಂದು ಕೈ ಹೋಗುತ್ತದೆ. ನಿದ್ದೆ ಮಾಡುತ್ತಿರುವವರಿಗೆ ತೊಂದರೆ ಏಕೆ ಎಂಬ ದಯೆಯ ಮಾತನ್ನೇ ಮನಸ್ಸು ಆಗ ಮುಂದಿಡುತ್ತದೆ. ಶೋಧನೆ ಎಂದರೆ ಯಾವಾಗಲೂ ಕೆಟ್ಟ ಮುಖ ಹೊತ್ತು ಬರುತ್ತದೆ ಎಂದುಕೊಂಡವರು ಈ ಹೊತ್ತನ್ನು ಕಂಡಿಲ್ಲ.

ನಾಲ್ಕು ಗಂಟೆಗೆ ನನ್ನೊಡನೆ ನಾನು ವಾದ ಮಾಡಲಾರೆ. ಆ ಹೊತ್ತಿನಲ್ಲಿ ನನ್ನ ಬುದ್ಧಿ ನನ್ನ ಪರವಾಗಿ ಇರುವುದಿಲ್ಲ. ಆದ್ದರಿಂದ ಡ್ಯೂಟಿಗೆ ಹೊರಡುವ ಮುಂಚೆ, ಸಂಜೆಯೇ, ಈ ಒಂದು ವಿಷಯವನ್ನು ದೇವರ ಮುಂದೆ ಹೆಸರಿಸಿ ಹೇಳುತ್ತೇನೆ: ಕಾಣದ ಅಂಕಿಯನ್ನು ಬರೆಯುವುದಿಲ್ಲ. ಇದು ನನ್ನ ಸ್ವಂತ ಉಪಾಯವಲ್ಲ. 16ನೆಯ ಶತಮಾನದಲ್ಲಿ ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ಆತ್ಮಪರಿಶೋಧನೆಯಲ್ಲಿ ಈ ಕ್ರಮವಿದೆ. ಎಲ್ಲ ಪಾಪಗಳನ್ನೂ ಒಟ್ಟಿಗೆ ಹಿಡಿಯಲು ಹೋಗದೆ ಒಂದು ದೋಷವನ್ನು ಮಾತ್ರ ಆರಿಸಿಕೊಂಡು, ಏಳುತ್ತಲೇ ಅದರ ವಿಷಯದಲ್ಲಿ ಎಚ್ಚರವಾಗಿರಲು ನಿರ್ಧರಿಸಬೇಕು. ಮಧ್ಯಾಹ್ನದ ಊಟದ ನಂತರವೂ ರಾತ್ರಿಯ ಊಟದ ನಂತರವೂ ಗಳಿಗೆಗಳನ್ನು ನೆನೆದು, ಎಡವಿದಷ್ಟು ಸಾರಿ ಒಂದು ಗೆರೆಯ ಮೇಲೆ ಚುಕ್ಕಿ ಇಡಬೇಕು. ನಿನ್ನೆಯ ಗೆರೆಯೊಡನೆ ಇಂದಿನ ಗೆರೆಯನ್ನು ಹೋಲಿಸಿ ನೋಡಬೇಕು. ನಾನು ನೈಟ್ ಡ್ಯೂಟಿ ಇದ್ದಾಗ ಬೆಳಗು ರಾತ್ರಿಗಳನ್ನು ಅದಲುಬದಲು ಮಾಡಿಕೊಂಡಿದ್ದೇನೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ. ನಮ್ಮ ಸಭೆಯ ರಾತ್ರಿಯ ಪ್ರಾರ್ಥನಾವಿಧಿಯಲ್ಲಿ ಮಂಗಳವಾರಕ್ಕೆಂದು ಇರುವ ವಾಚನ ಪೇತ್ರನ ಮೊದಲ ಪತ್ರದ 5ನೆಯ ಅಧ್ಯಾಯದ್ದು. ಸ್ವಸ್ಥಚಿತ್ತರಾಗಿ ಎಚ್ಚರವಾಗಿರಿ, ನಿಮ್ಮ ವಿರೋಧಿಯು ಗರ್ಜಿಸುವ ಸಿಂಹದಂತೆ ಯಾರನ್ನು ನುಂಗಲೆಂದು ತಿರುಗುತ್ತಿದ್ದಾನೆ ಎನ್ನುತ್ತದೆ ಅದು. ಗೆತ್ಸೇಮನೆಯಲ್ಲಿ ನಿದ್ದೆ ಹೋದವನ ಹೆಸರಿನಲ್ಲಿಯೇ ಈ ಮಾತು ನಮಗೆ ಬಂದಿದೆ ಎಂಬುದನ್ನು ನಿಮ್ಮ ಬರಹ ಓದಿದ ಮೇಲೆ ಗಮನಿಸಿದೆ.

ಮಂಡ್ಯದ ಸಭಾಹಿರಿಯ

ಪ್ರಿಯ ಸಹೋದರ ಸಹೋದರಿಯರೇ, ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಒಂದು ಭಯವನ್ನು ಹೇಳದಿದ್ದರೆ ನನ್ನ ಕರ್ತವ್ಯಕ್ಕೆ ಲೋಪವಾಗುತ್ತದೆ. ನಿರ್ಧಾರ, ಗೆರೆ, ಚುಕ್ಕಿ ಎಂದು ಆರಂಭವಾದದ್ದು ಬಹುಬೇಗ ನಮ್ಮ ಸ್ವಂತ ಬಲದ ಲೆಕ್ಕಪುಸ್ತಕವಾಗಿಬಿಡುತ್ತದೆ. ಚುಕ್ಕಿ ಕಡಿಮೆಯಾದ ದಿನ ಗರ್ವ, ಹೆಚ್ಚಾದ ದಿನ ನಿರಾಶೆ, ಎರಡೂ ಶೋಧನೆಗಳೇ. ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ನಾವು ತೊಡಬೇಕಾದ ಆಯುಧಗಳ ಪಟ್ಟಿಯಂತೆ ಓದುತ್ತೇವೆ. ಆದರೆ ನೀತಿಯ ಕವಚ, ರಕ್ಷಣೆಯ ಶಿರಸ್ತ್ರಾಣ ಇವುಗಳನ್ನು ಮೊದಲು ತೊಟ್ಟವನು ಕರ್ತನಾದ ದೇವರೇ ಎಂದು ಯೆಶಾಯನ 59ನೆಯ ಅಧ್ಯಾಯ ಹೇಳುತ್ತದೆ. ಆತನು ತೊಟ್ಟದ್ದನ್ನು ನಮಗೆ ಕೊಟ್ಟಿದ್ದಾನೆ.

ಪೇತ್ರನ ವಿಷಯದಲ್ಲಿಯೂ ನೀವು ಒಂದು ಮುಖ್ಯ ಮಾತನ್ನು ಬಿಟ್ಟಿರಿ. ಅವನು ನಿದ್ದೆ ಹೋಗುವುದಕ್ಕೆ ಮುಂಚೆಯೇ ಕರ್ತನು ಅವನಿಗೆ ಹೇಳಿದ್ದನು: ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಿಹೋಗದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ. ಪೇತ್ರನು ಉಳಿದದ್ದು ಆ ಪ್ರಾರ್ಥನೆಯಿಂದ. ಅವನು ಎಚ್ಚರವಾಗಿದ್ದುದರಿಂದ ಅಲ್ಲ, ಏಕೆಂದರೆ ಅವನು ಎಚ್ಚರವಾಗಿರಲೇ ಇಲ್ಲ.

ಬನ್ನಿಮಂಟಪವಾಸಿ, ಮೈಸೂರು

ಹಿರಿಯರೇ, ಲೂಕನ 22ನೆಯ ಅಧ್ಯಾಯದ ಆ ಮಾತನ್ನು ಇಲ್ಲಿ ತಂದದ್ದಕ್ಕೆ ನಾನು ಋಣಿ. ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನಿನಗಾಗಿ ಪ್ರಾರ್ಥಿಸಿದ್ದೇನೆ ಎಂದ ಕರ್ತನೇ ಅದೇ ರಾತ್ರಿ ಅದೇ ಪೇತ್ರನಿಗೆ ಎಚ್ಚರವಾಗಿದ್ದು ಪ್ರಾರ್ಥಿಸು ಎಂದೂ ಹೇಳಿದನಲ್ಲವೇ? ತಾನು ಪ್ರಾರ್ಥಿಸಿದ್ದರಿಂದ ನೀನು ಮಲಗಬಹುದು ಎಂದು ಆತನು ಹೇಳಲಿಲ್ಲ. ಎಫೆಸದ ಅದೇ ಭಾಗದಲ್ಲಿ ಪೌಲನು ಕೆಟ್ಟ ದಿನವು ಬಂದಾಗ ಎದುರಿಸಿ ನಿಲ್ಲುವಂತೆ ಆಯುಧಗಳನ್ನು ತೆಗೆದುಕೊಳ್ಳಿರಿ ಎನ್ನುತ್ತಾನೆ. ಕೊಟ್ಟವನು ದೇವರು, ಆದರೆ ತೊಡುವುದು ಆ ದಿನಕ್ಕೆ ಮುಂಚೆ ಆಗಬೇಕು. ತೀತನಿಗೆ ಬರೆದ ಪತ್ರದಲ್ಲಂತೂ ದೇವರ ಕೃಪೆಯೇ ನಮಗೆ ಲೋಕದ ಆಶೆಗಳನ್ನು ಬೇಡವೆನ್ನಲು ಕಲಿಸುತ್ತದೆ ಎಂದಿದೆ. ಕೃಪೆಯು ಕಲಿಸುವುದಾದರೆ ಕಲಿಯುವವರ ಅಭ್ಯಾಸಕ್ಕೂ ಅದರಲ್ಲಿ ಸ್ಥಳವಿರಲೇಬೇಕು. ನೀವು ಹೇಳಿದ ಅಪಾಯ ಮಾತ್ರ ನಿಜ. ಗೆರೆಯನ್ನು ದೇವರ ಮುಂದೆ ಇಡದೆ ನಮ್ಮ ಮುಂದೆಯೇ ಇಟ್ಟುಕೊಂಡರೆ ಅದು ಕನ್ನಡಿಯಾಗುತ್ತದೆ.

ಹೊಸಚಿಗುರು, ಹೆಬ್ಬಾಳ

ಎಲ್ಲರಿಗೂ ವಂದನೆಗಳು. ನಾನು ಹಾಸನದ ಕಡೆಯವನು, ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಪಿ.ಜಿ.ಯಲ್ಲಿದ್ದೇನೆ. ನಾನು ಬೆಳಿಗ್ಗೆ ತಪ್ಪದೆ ಅರ್ಧ ಗಂಟೆ ಸತ್ಯವೇದದ (ಬೈಬಲಿನ) ವಾಕ್ಯ ಓದಿ ಪ್ರಾರ್ಥಿಸುತ್ತೇನೆ. ಆದರೂ ರಾತ್ರಿ ಹನ್ನೊಂದರ ನಂತರ, ಬಾಗಿಲು ಹಾಕಿ ಮಲಗಿದ ಮೇಲೆ, ಮೊಬೈಲು ಕೈಯಲ್ಲಿದ್ದಾಗ, ಬೆಳಗಿನ ಒಂದು ಮಾತೂ ನೆನಪಿಗೆ ಬರುವುದಿಲ್ಲ. ನೋಡಬಾರದ ಚಿತ್ರಗಳ ವಿಷಯ ಒಂದು, ಐ.ಪಿ.ಎಲ್. ನಡೆಯುವಾಗ ಪಕ್ಕದ ಕೋಣೆಯವರೊಡನೆ ಬೆಟ್ಟಿಂಗ್ ಆ್ಯಪಿಗೆ ಹಣ ಹಾಕುವ ಸೆಳೆತ ಇನ್ನೊಂದು. ಬೆಳಗಿನ ಧ್ಯಾನ ನಿಷ್ಫಲವೇ? ಅಥವಾ ನನ್ನ ನಂಬಿಕೆಯೇ ಸರಿಯಿಲ್ಲವೇ? ದಯವಿಟ್ಟು ನೇರವಾಗಿ ಹೇಳಿರಿ.

ದೀಪಧಾರಿಣಿ, ಮೈಸೂರು

ತಮ್ಮ, ನಿನ್ನ ನಂಬಿಕೆ ಸರಿಯಿಲ್ಲವೆಂದು ಯಾರೂ ಹೇಳುವುದಿಲ್ಲ. ಬೆಳಗಿನ ಧ್ಯಾನ ನಿಷ್ಫಲವೂ ಅಲ್ಲ. ಆದರೆ ಅದು ರಾತ್ರಿಯ ಆ ಹೊತ್ತನ್ನು ಕುರಿತು ಏನನ್ನಾದರೂ ಹೇಳಿತೇ ಎಂದು ನೋಡಿಕೋ. ದಿನವೆಲ್ಲ ಕಾಪಾಡು ಎಂದು ಒಟ್ಟಾರೆ ಬೇಡಿಕೊಳ್ಳುವುದಕ್ಕೂ, ಹನ್ನೊಂದು ಗಂಟೆಯನ್ನು, ಆ ಹಾಸಿಗೆಯನ್ನು, ಆ ಮೊಬೈಲನ್ನು ಹೆಸರಿಸಿ ಬೇಡಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಜೊತೆಗೆ, ಆಯಾಸವಾದ ದೇಹವನ್ನು ಲಘುವಾಗಿ ಕಾಣಬೇಡ. ಮನಸ್ಸು ಸಿದ್ಧವಾಗಿದ್ದರೂ ದೇಹಕ್ಕೆ ಬಲ ಸಾಲದೆಂದು ಕರ್ತನೇ ಹೇಳಿದ್ದಾನೆ. ಆತನು ಅದನ್ನು ಬೈದು ಹೇಳಿದಂತೆ ನನಗೆ ಕೇಳಿಸುವುದಿಲ್ಲ, ಮರುಕದಿಂದ ಹೇಳಿದಂತೆ ಕೇಳಿಸುತ್ತದೆ. ಸಮಯಕ್ಕೆ ಸರಿಯಾಗಿ ಊಟ ಮಾಡಿ ಬೇಗ ಮಲಗುವುದೂ ಸಿದ್ಧತೆಯ ಭಾಗವೇ.

ಬನ್ನಿಮಂಟಪವಾಸಿ, ಮೈಸೂರು

ತಮ್ಮ, ಅಕ್ಕನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಪೋಟೀಫರನ ಹೆಂಡತಿ ತನ್ನ ಮನೆಯಲ್ಲಿ ದಾಸನಾಗಿದ್ದ ಯೋಸೇಫನನ್ನು ತನ್ನೊಡನೆ ಮಲಗಲು ಒಂದು ದಿನ ಮಾತ್ರ ಕರೆದದ್ದಲ್ಲ. ದಿನ ದಿನವೂ ಕರೆಯುತ್ತಿದ್ದಳು ಎಂದು ಆದಿಕಾಂಡ 39 ಹೇಳುತ್ತದೆ. ಇಂಥ ಮಹಾ ದುಷ್ಕೃತ್ಯವನ್ನು ಮಾಡಿ ದೇವರಿಗೆ ವಿರುದ್ಧವಾಗಿ ಹೇಗೆ ಪಾಪಮಾಡಲಿ ಎಂಬ ಉತ್ತರವನ್ನು ಅವನು ಮೊದಲನೆಯ ದಿನವೇ ಕೊಟ್ಟಿದ್ದನು. ಮನೆಯಲ್ಲಿ ಯಾರೂ ಇಲ್ಲದ ದಿನ ಬಂದಾಗ ಅವನು ಹೊಸದಾಗಿ ಯೋಚಿಸುತ್ತ ನಿಲ್ಲಲಿಲ್ಲ, ಮೇಲುಹೊದಿಕೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದನು. ಇಂಥ ಶೋಧನೆಯ ಮುಂದೆ ನಿಂತು ಹೋರಾಡಿರಿ ಎಂದು ಪೌಲನು ಎಲ್ಲಿಯೂ ಹೇಳಿಲ್ಲ. ಓಡಿಹೋಗು ಎಂದೇ ತಿಮೊಥೆಯನಿಗೆ ಬರೆದನು, ಅದೂ ಒಬ್ಬನೇ ಅಲ್ಲ, ಶುದ್ಧ ಹೃದಯದಿಂದ ಕರ್ತನನ್ನು ಕರೆಯುವವರ ಸಂಗಡ. ಮೊಬೈಲನ್ನು ರಾತ್ರಿ ಕೋಣೆಯ ಹೊರಗೆ ಚಾರ್ಜಿಗೆ ಹಾಕು, ಎಚ್ಚರಿಸಲು ಒಂದು ಸಾಮಾನ್ಯ ಅಲಾರಾಂ ಗಡಿಯಾರ ಕೊಳ್ಳು. ಬೆಟ್ಟಿಂಗ್ ಆ್ಯಪನ್ನು ಅಳಿಸುವುದು ಪಂದ್ಯ ಆರಂಭವಾದ ಮೇಲೆ ಅಲ್ಲ, ಈಗ, ಇದನ್ನು ಓದುತ್ತಿರುವಾಗಲೇ. ಇವು ಆತ್ಮಿಕವಲ್ಲದ ಸಣ್ಣ ಸಂಗತಿಗಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ವಾಕ್ಯಗಳ ವಿಷಯದಲ್ಲಿಯೂ ಹೀಗೆಯೇ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯಲ್ಲಿ ವಾಸಿಸುತ್ತಿದ್ದನು. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಆಸೆ, ಗರ್ವ ಎಂದು ಎಂಟು ಬಗೆಯ ದುರಾಲೋಚನೆಗಳನ್ನು ಗುರುತಿಸಿ, ಒಂದೊಂದು ಆಲೋಚನೆ ಬಂದಾಗಲೂ ಎದುರು ಹೇಳಬೇಕಾದ ವಾಕ್ಯಗಳನ್ನು ಸತ್ಯವೇದದಿಂದ ಆರಿಸಿ, ಒಟ್ಟು 400ಕ್ಕೂ ಹೆಚ್ಚು ಉತ್ತರಗಳನ್ನು ಬರೆದಿಟ್ಟನು. ನಿನಗೆ ಅಷ್ಟು ಬೇಡ. ನಿನ್ನ ಹನ್ನೊಂದು ಗಂಟೆಗೆ ತಕ್ಕ ಒಂದೇ ವಾಕ್ಯವನ್ನು ಆರಿಸಿಕೊಂಡು, ಬಸ್ಸಿನಲ್ಲಿ, ಕೆಲಸಕ್ಕೆ ನಡೆಯುವಾಗ, ಬಾಯಿ ತಾನಾಗಿ ಹೇಳುವ ತನಕ ಹೇಳಿಕೋ.

ಆಲೆಮನೆಯವನು, ಮಂಡ್ಯ ತಾಲ್ಲೂಕು

ಎಲ್ಲ ಹಿರಿಯರಿಗೂ ನಮಸ್ಕಾರ. ನನಗೆ ಪುಸ್ತಕಜ್ಞಾನ ಹೆಚ್ಚಿಲ್ಲ. ಆದರೆ ಸಾಮಾನ್ಯ ದಿನದ ವಿಷಯ ಬೇಕೆಂದು ಕೇಳಿದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಆಲೆಮನೆ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು ಕಾಯಿಸುತ್ತೇವೆ. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟರೆ ಮಡ್ಡಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತೇವೆ. ಪಾಕ ಹದಕ್ಕೆ ಬಂದ ಮೇಲೆ ಕೈ ಬಹಳ ಬೇಗ ಓಡಬೇಕು. ಸ್ವಲ್ಪ ತಡವಾದರೂ ತಳ ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಬೇಕಾದದ್ದು ತಿಳಿ ಹಳದಿ ಬೆಲ್ಲ. ಕೆಲವು ತೋಟಗಳ ಕಬ್ಬಿಗೆ ಬೆಲ್ಲ ಕಪ್ಪಾಗಿಯೇ ಬರುತ್ತದೆ, ಅದಕ್ಕೆ ಬೆಲೆ ಇಳಿಸುತ್ತಾರೆ. ಆ ಹೊತ್ತಿನಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಪುಡಿಯನ್ನು ಒಂದು ಹಿಡಿ ಹಾಕಿದರೆ ಬಣ್ಣ ಕಣ್ಣೆದುರೇ ತಿಳಿಯಾಗುತ್ತದೆ. ಹೆಚ್ಚಾದರೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆಂದು ಈ ಕಸುಬಿನವರೆಲ್ಲರಿಗೂ ಗೊತ್ತು. ತಿನ್ನುವವರು ಮಕ್ಕಳು, ಬಾಣಂತಿಯರು.

ಒಲೆ ಉರಿಯುತ್ತಿದೆ, ಆಳುಗಳು ಕಾಯುತ್ತಿದ್ದಾರೆ, ವರ್ತಕರು ಫೋನಿನಲ್ಲಿ ಬಣ್ಣ ಹೇಗಿದೆ ಎಂದು ಕೇಳುತ್ತಿದ್ದಾರೆ. ಆಗ ಕೂತು ಪ್ರಾರ್ಥಿಸಲು ಹೊತ್ತೆಲ್ಲಿ ಸಿಗುತ್ತದೆ? ನಮ್ಮ ತಂದೆಯವರು ಈ ವಿಷಯದಲ್ಲಿ ಒಂದು ಕ್ರಮ ಇಟ್ಟಿದ್ದರು, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಆ ಪುಡಿಯ ಡಬ್ಬವನ್ನು ಆಲೆಮನೆಯ ಒಳಗೆ ತರುವುದೇ ಇಲ್ಲ. ಇದ್ದರೆ ಕೈ ಹೋಗುತ್ತದೆ. ಇಲ್ಲದಿದ್ದರೆ ಪೇಟೆಗೆ ಹೋಗಿ ತರುವಷ್ಟರಲ್ಲಿ ಪಾಕ ಮುಗಿದುಹೋಗಿರುತ್ತದೆ. ದೇಹದ ಆಶೆಗಳಿಗೆ ಅವಕಾಶ ಮಾಡಿಕೊಡಬೇಡಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಕೊನೆಯಲ್ಲಿದೆಯಲ್ಲ, ತಂದೆಯವರು ಆ ವಾಕ್ಯವನ್ನು ಕಂಡರೆ ಡಬ್ಬವನ್ನೇ ನೆನೆಯುತ್ತಿದ್ದರು.

ಗಾಣ ಆಡುವ ಕಾಲ ಆರಂಭವಾಗುವ ಮೊದಲೇ ವರ್ತಕರಿಗೆ ಹೇಳಿಬಿಡುತ್ತೇನೆ, ನಮ್ಮ ಬೆಲ್ಲ ಕಬ್ಬು ಕೊಟ್ಟ ಬಣ್ಣದಲ್ಲೇ ಇರುತ್ತದೆ ಎಂದು. ಇದರಿಂದ ಕೆಲವರು ಬರುವುದನ್ನು ಬಿಟ್ಟರು, ಆ ನಷ್ಟವನ್ನು ನಾನು ಮುಚ್ಚಿಡುವುದಿಲ್ಲ. ಕಪ್ಪು ಬೆಲ್ಲವನ್ನೇ ಹುಡುಕಿಕೊಂಡು ಬರುವವರು ಈಗ ಸ್ವಲ್ಪ ಸ್ವಲ್ಪ ಇದ್ದಾರೆ. ಆದರೆ ಅವರು ಬಂದಿರದಿದ್ದರೂ ಡಬ್ಬ ಹೊರಗೇ ಇರುತ್ತಿತ್ತು.

ಮಂಡ್ಯದ ಸಭಾಹಿರಿಯ

ಸಹೋದರ, ನಿಮ್ಮ ಬರಹವನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ನಾನು ಹಿಂದೆ ಎತ್ತಿದ ಆಕ್ಷೇಪಣೆಗೆ ಇದರಲ್ಲಿ ಒಂದು ಉತ್ತರವಿದೆ. ತನ್ನ ಬಲವನ್ನು ನಂಬುವವನು ಡಬ್ಬವನ್ನು ಪಕ್ಕದಲ್ಲಿಟ್ಟುಕೊಂಡು ನಾನು ಮುಟ್ಟುವುದಿಲ್ಲ ಎನ್ನುತ್ತಾನೆ. ತನ್ನ ಬಲಹೀನತೆಯನ್ನು ಬಲ್ಲವನು ಅದನ್ನು ಹೊರಗಿಡುತ್ತಾನೆ. ಹಾಗೆ ನೋಡಿದರೆ ಮುಂಚಿತವಾದ ಸಿದ್ಧತೆಯೇ ಕೃಪೆಯನ್ನು ಬೇಡುವವರ ಲಕ್ಷಣವಾಗಬಹುದು. ಅಷ್ಟರಮಟ್ಟಿಗೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಗೆರೆ ಚುಕ್ಕಿಗಳ ವಿಷಯದಲ್ಲಿ ನನ್ನ ಹಿಂಜರಿಕೆ ಉಳಿದಿದೆ.

ಹೊಸಚಿಗುರು, ಹೆಬ್ಬಾಳ

ಅಣ್ಣ, ಅಕ್ಕ, ಆ್ಯಪನ್ನು ಅಳಿಸಿದೆ. ಒಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ಸಿದ್ಧತೆಯ ನಂತರವೂ ಬಿದ್ದರೆ ಏನು ಮಾಡಬೇಕು? ಬಿದ್ದ ಮರುದಿನ ನನಗೆ ಸತ್ಯವೇದವನ್ನು ತೆರೆಯಲು ನಾಚಿಕೆಯಾಗುತ್ತದೆ. ಎರಡು ಮೂರು ದಿನ ದೂರವೇ ಇರುತ್ತೇನೆ, ಆ ದಿನಗಳಲ್ಲಿ ಇನ್ನೂ ಸುಲಭವಾಗಿ ಬೀಳುತ್ತೇನೆ.

ಬನ್ನಿಮಂಟಪವಾಸಿ, ಮೈಸೂರು

ಆ ಎರಡು ಮೂರು ದಿನಗಳೇ ಶೋಧಕನಿಗೆ ಬೇಕಾದದ್ದು, ತಮ್ಮ. ಮೊದಲನೆಯ ಬೀಳುವಿಕೆಗಿಂತ ಆ ದೂರ ಹೆಚ್ಚು ಹಾನಿ ಮಾಡುತ್ತದೆ. ನಾಚಿಕೆ ಕಳೆದ ಮೇಲೆ ದೇವರ ಬಳಿಗೆ ಬರುತ್ತೇನೆ ಎನ್ನುವವನು ದೇವರು ಮಾಡಬೇಕಾದ ಕೆಲಸವನ್ನು ಕಾಲದ ಕೈಗೆ ಒಪ್ಪಿಸುತ್ತಾನೆ. ಪಾಪಮಾಡಬಾರದೆಂದು ಬರೆಯುತ್ತಿದ್ದೇನೆ, ಆದರೂ ಯಾವನಾದರೂ ಪಾಪಮಾಡಿದರೆ ತಂದೆಯ ಬಳಿಯಲ್ಲಿ ಯೇಸು ಕ್ರಿಸ್ತನು ನಮಗೆ ಸಹಾಯಕನಾಗಿದ್ದಾನೆ ಎಂದು ಯೋಹಾನನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆದ್ದರಿಂದ ಬಿದ್ದ ರಾತ್ರಿಯೇ, ಮಲಗುವ ಮುಂಚೆಯೇ, ಎರಡೇ ವಾಕ್ಯಗಳಲ್ಲಾದರೂ ನಡೆದದ್ದನ್ನು ಹೇಳಿ ಕ್ಷಮೆ ಕೇಳು. ಬೆಳಿಗ್ಗೆ ಎಂದಿನಂತೆ ಎಂದಿನ ಭಾಗವನ್ನೇ ಓದು. ಪೇತ್ರನು ಬೆಂಕಿಯ ಬಳಿ ಮೂರು ಸಾರಿ ಅಲ್ಲಗಳೆದನು. ತಿಬೇರಿಯ ಸಮುದ್ರದ ದಡದಲ್ಲಿ ಮತ್ತೊಂದು ಕೆಂಡದ ಬೆಂಕಿಯ ಬಳಿ ಕರ್ತನು ಅವನಿಗೆ ಮೊದಲು ಊಟ ಕೊಟ್ಟನು, ಆಮೇಲೆ ಮೂರು ಸಾರಿ ಪ್ರಶ್ನೆ ಕೇಳಿ ಕೆಲಸ ಒಪ್ಪಿಸಿದನು.

ಒಬ್ಬನೇ ಇದನ್ನು ಹೊರಬೇಡ ಎಂಬುದು ಇನ್ನೊಂದು ಮಾತು. ಮೈಸೂರಿನಲ್ಲಿ ನಮ್ಮ ಸಭೆಗಳಲ್ಲಿ ಅನೇಕವು ವೆಸ್ಲಿಯನ್ ಮಿಷನ್ನಿನ ಮೂಲದವು. ಆ ಮಿಷನ್ನಿನ ಹೆಸರಿಗೆ ಮೂಲವಾದ, ಮೆಥೋಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿಯವರು 1738ರಲ್ಲಿ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ, ಪ್ರತಿ ಭೇಟಿಯಲ್ಲಿ ಒಬ್ಬೊಬ್ಬರನ್ನೂ ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟರು. ಕಳೆದ ಭೇಟಿಯಿಂದೀಚೆಗೆ ಮಾಡಿದ ಪಾಪ ಯಾವುದು ಎಂಬುದು ಒಂದು; ಎದುರಾದ ಶೋಧನೆಗಳು ಯಾವುವು, ಅವುಗಳಿಂದ ಹೇಗೆ ಬಿಡುಗಡೆಯಾಯಿತು ಎಂಬವು ಮತ್ತೆರಡು. ಬಿದ್ದದ್ದನ್ನು ಮಾತ್ರವಲ್ಲ, ಬೀಳದೆ ದಾಟಿದ್ದನ್ನೂ ಕೇಳಬೇಕೆಂದು ಅವರು ಬರೆದರು ಎಂಬುದು ನನಗೆ ಬಹಳ ಹಿಡಿಸುತ್ತದೆ. ನಮ್ಮ ಮನೆಕೂಟಗಳಲ್ಲಿ ಹಾಡು, ಸಂದೇಶ, ಕಾಫಿ ಉಳಿದಿವೆ, ಈ ಪ್ರಶ್ನೆಗಳು ಮರೆಯಾಗಿವೆ. ಈ ದಿನವೆಂಬುದು ಇರುವ ತನಕ ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂದು ಇಬ್ರಿಯರಿಗೆ ಬರೆದ ಪತ್ರದ 3ನೆಯ ಅಧ್ಯಾಯ ಹೇಳುವಾಗ ವಾರಕ್ಕೊಮ್ಮೆಯಾದರೂ ಕೇಳದಿರುವುದು ಸರಿಯಲ್ಲ. ನೀನು ಬಾ, ಗಂಡಸರು ಮೂರು ನಾಲ್ಕು ಜನ ಮಾತ್ರ ಕೂತು ಇದನ್ನು ಆರಂಭಿಸೋಣ. ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬುದನ್ನು ಮೊದಲ ದಿನವೇ ನಿಯಮ ಮಾಡಿಕೊಳ್ಳೋಣ.

ದೀಪಧಾರಿಣಿ, ಮೈಸೂರು

ನಮ್ಮಲ್ಲಿ ಇದಕ್ಕೆ ಪಾಪನಿವೇದನೆ ಇದೆ, ಗುರುಗಳು ಕೇಳುತ್ತಾರೆ. ಆದರೆ ದಾಟಿದ್ದನ್ನು ಹೇಳಿಕೊಳ್ಳಲು ಜೊತೆಯವರು ಬೇಕೆಂಬುದು ನಿಜ. ನಮ್ಮ ವಾರ್ಡಿನ ಇಬ್ಬರೊಡನೆ ಮಾತಾಡಿ ನೋಡುತ್ತೇನೆ.

ಆಲೆಮನೆಯವನು, ಮಂಡ್ಯ ತಾಲ್ಲೂಕು

ಅಣ್ಣ, ಗಾಣ ಆಡುವ ತಿಂಗಳುಗಳಲ್ಲಿ ನಾನು ಊರು ಬಿಟ್ಟು ಬರಲಾರೆ. ಫೋನಿನಲ್ಲಿ ಸೇರಿಕೊಳ್ಳಬಹುದೇ?

ಬನ್ನಿಮಂಟಪವಾಸಿ, ಮೈಸೂರು

ಖಂಡಿತ ಸೇರಿಕೊಳ್ಳಬಹುದು. ಶುಕ್ರವಾರ ಸಂಜೆ ಏಳೂವರೆಗೆ ನಾವೇ ಕರೆ ಮಾಡುತ್ತೇವೆ. ಕೊಪ್ಪರಿಗೆ ಒಲೆಯ ಮೇಲಿದ್ದರೆ ತೆಗೆಯಬೇಡಿರಿ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತೇವೆ.